ಬೇಸಿಗೆ ಕುಸ್ತಿ ಕ್ಯಾಂಪಿಗೆ ಮಕ್ಕಳನ್ನು ಸೇರಿಸುತ್ತೀರಾ? ಮೊದಲು ಬೀಳೋದು ಕಲಿಸ್ತಾರಾ ನೋಡಿ

ಏಪ್ರಿಲ್ ಬಂತೆಂದರೆ ದಿನಪತ್ರಿಕೆ ಜೊತೆ ಬೇಸಿಗೆ ಶಿಬಿರಗಳ ಪಾಂಪ್ಲೆಟ್ ಬರೋಕೆ ಶುರು. ಈಜು, ಅಬಾಕಸ್, ಡ್ಯಾನ್ಸ್, ರೋಬೋಟಿಕ್ಸ್ ಎಲ್ಲವೂ ಇರುತ್ತವೆ. ಫೀಸು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಕುಸ್ತಿ ಕ್ಯಾಂಪಿನ ಪಾಂಪ್ಲೆಟ್ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅದರ ಸುದ್ದಿ ಏನಿದ್ದರೂ ಬಾಯಿಂದ ಬಾಯಿಗೆ.

ನಮ್ಮ ದಾವಣಗೆರೆಗೆ ಕುಸ್ತಿ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ಬಯಲು ಜಂಗಿ ಕುಸ್ತಿ ನೋಡೋಕೆ ಜನ ಮುಗಿಬೀಳುತ್ತಾರೆ. ಕ್ರೀಡಾ ಇಲಾಖೆಯ ಕುಸ್ತಿ ಹಾಸ್ಟೆಲ್ ಕೂಡ ಊರಲ್ಲೇ ಇದೆ. ಆದರೆ ನೋಡೋದು ಬೇರೆ, ನಮ್ಮ ಮಗುವನ್ನೇ ಕಳುಹಿಸೋದು ಬೇರೆ. ಆರನೇ ಕ್ಲಾಸು ಮುಗಿಸಿದ ಮಗಳು "ಅಮ್ಮಾ, ನಾನು ಕುಸ್ತಿಗೆ ಹೋಗ್ತೀನಿ" ಅಂದಾಗ ನನ್ನ ತಲೆಯಲ್ಲಿ ಬರೀ ಪ್ರಶ್ನೆಗಳೇ ಇದ್ದವು. ಎಲ್ಲಿ ಕೇಳಬೇಕು? ಏನು ನೋಡಬೇಕು? ಕೈಕಾಲು ಮುರಿದುಕೊಂಡರೆ? ಹೆಣ್ಣುಮಗು ಬೇರೆ. ಇಂಥ ಪ್ರಶ್ನೆ ಇಟ್ಟುಕೊಂಡು ಕೂತಿರುವ ಅಪ್ಪ-ಅಮ್ಮಂದಿರಿಗೆ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕುಸ್ತಿ ಕ್ಯಾಂಪು ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಫೀಸಿನಿಂದ ಗೊತ್ತಾಗುವುದಿಲ್ಲ, ಕಟ್ಟಡದಿಂದ ಗೊತ್ತಾಗುವುದಿಲ್ಲ, ಗೋಡೆ ಮೇಲಿನ ಫೋಟೋ, ಬೆಳ್ಳಿ ಗದೆಗಳಿಂದಲೂ ಗೊತ್ತಾಗುವುದಿಲ್ಲ. ಮೊದಲ ವಾರ ಮಕ್ಕಳಿಗೆ ಏನು ಮಾಡಿಸುತ್ತಾರೆ ನೋಡಿ. ಬೀಳೋದು ಕಲಿಸುತ್ತಿದ್ದರೆ ಅದು ಒಳ್ಳೆಯ ಕ್ಯಾಂಪು. ಬಂದ ದಿನವೇ ಇಬ್ಬರನ್ನು ನಿಲ್ಲಿಸಿ "ಹಿಡಿರೋ" ಅಂದರೆ ಬೇರೆ ಕಡೆ ಹುಡುಕಿ.

ಎಲ್ಲಿ ಹುಡುಕೋದು

ಮೊದಲು ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಬೇಸಿಗೆ ಶಿಬಿರದಲ್ಲಿ ಕುಸ್ತಿ ಇದೆಯಾ, ಇಲ್ಲದಿದ್ದರೆ ಊರಲ್ಲಿ ಮಕ್ಕಳಿಗೆ ಕಲಿಸುವ ಕೋಚ್ ಯಾರಿದ್ದಾರೆ ಕೇಳಿ. ಮಾರ್ಚ್ ಮುಗಿಯುವುದರೊಳಗೆ ವಿಚಾರಿಸಿದರೆ ಒಳ್ಳೆಯದು.

ಆಮೇಲೆ ಶಾಲೆಯ ಪಿಟಿ ಮೇಷ್ಟ್ರು. ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಅವರೇ. ಯಾರ ಹುಡುಗರು ಗೆಲ್ಲುತ್ತಾರೆ, ಯಾವ ಕೋಚ್ ಸೋತ ಹುಡುಗನ ಮೇಲೂ ಕೂಗಾಡೋದಿಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಈ ಎರಡನೇ ವಿಷಯವನ್ನು ಬಿಡದೆ ಕೇಳಿ.

ಮೂರನೆಯದು ಗರಡಿ ಮನೆ. ಮೈಸೂರಿನಲ್ಲಿ ಹಳೇ ಬೀದಿಗಳಲ್ಲೆಲ್ಲ ಗರಡಿಗಳಿವೆ. ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ತಾಲೀಮು ನಡೆಯುತ್ತದೆ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕೆಜಿ ಗ್ರೀಕೋ ರೋಮನ್ ವಿಭಾಗದ ಕಂಚು ಗೆದ್ದರು. ಉತ್ತರ ಕನ್ನಡದ ಹಳಿಯಾಳದಲ್ಲಿ ಹೆಣ್ಣುಮಕ್ಕಳೂ ಕುಸ್ತಿಯಲ್ಲಿ ಹೆಸರು ಮಾಡಿದ್ದಾರೆ. ಹಾಗಾಗಿ ನಮ್ಮ ಊರಲ್ಲಿ ಏನೂ ಇಲ್ಲ ಅಂದುಕೊಳ್ಳುವ ಮೊದಲು ಒಂದು ಸುತ್ತು ಕೇಳಿ ನೋಡಿ.

ಮಣ್ಣೋ, ಮ್ಯಾಟೋ

ಇದು ಮೊದಲಿಗೆ ಎಲ್ಲರಿಗೂ ಗೊಂದಲ. ಗರಡಿಯಲ್ಲಿ ಕೆಮ್ಮಣ್ಣು. ಅದಕ್ಕೆ ಅರಿಶಿನ, ಎಣ್ಣೆ ಅಥವಾ ತುಪ್ಪ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡಿರುತ್ತಾರೆ. ಗುದ್ದಲಿ ಹಿಡಿದು ಆ ಮಣ್ಣು ಅಗೆದು ಸಡಿಲ ಮಾಡೋದೇ ಒಂದು ವ್ಯಾಯಾಮ. ದಂಡ, ಬಸ್ಕಿ, ಗದೆ ತಿರುಗಿಸೋದು ಎಲ್ಲ ಇರುತ್ತದೆ. ಮೈ ಗಟ್ಟಿಯಾಗುತ್ತದೆ, ಶಿಸ್ತು ಬರುತ್ತದೆ, ಖರ್ಚು ಕಡಿಮೆ. ಶೂ ಬೇಡ. ಮೈಸೂರು ದಸರಾದಲ್ಲಿ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುವ ನಾಡಕುಸ್ತಿ ಈ ಬಗೆಯದು. ಅಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೆ ಗೆಲುವು.

ಮ್ಯಾಟ್ ಮೇಲೆ ಆಡೋದು ಪಾಯಿಂಟ್ ಕುಸ್ತಿ. ಶಾಲಾ ಕ್ರೀಡಾಕೂಟದಿಂದ ಒಲಿಂಪಿಕ್ಸ್‌ವರೆಗೆ ಇದೇ. ಫ್ರೀಸ್ಟೈಲ್‌ನಲ್ಲಿ ಕಾಲು ಹಿಡಿಯಬಹುದು. ಗ್ರೀಕೋ ರೋಮನ್‌ನಲ್ಲಿ ಸೊಂಟದ ಕೆಳಗೆ ಕೈ ಹಾಕುವ ಹಾಗಿಲ್ಲ. ಎದುರಾಳಿಯನ್ನು ಕೆಡವಿ ಮೇಲೆ ಬಂದರೆ 2 ಪಾಯಿಂಟ್, ವೃತ್ತದಿಂದ ಆಚೆ ತಳ್ಳಿದರೆ 1. ಹತ್ತು ಪಾಯಿಂಟ್ ಮುಂದೆ ಹೋದರೆ ಫ್ರೀಸ್ಟೈಲ್ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಗ್ಯಾಲರಿಯಲ್ಲಿ ಕೂತು ನಿಮ್ಮ ಮಗುವಿನ ಪಂದ್ಯ ನೋಡಬಹುದು.

ಮೊದಲ ಬೇಸಿಗೆಗೆ ಎರಡೂ ಪರವಾಗಿಲ್ಲ. ಮುಂದೆ ಶಾಲಾ ಕ್ರೀಡಾಕೂಟಕ್ಕೆ ಹೋಗುವ ಆಸೆ ಇದ್ದರೆ ಮ್ಯಾಟ್ ಇರುವ ಕಡೆ ಸೇರಿಸೋದು ಅನುಕೂಲ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು: ಹಳೇ ಕಾಲದ ಕೆಲವು ಗರಡಿಗಳಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳುವುದಿಲ್ಲ. ವಾದ ಮಾಡಿ ಸೇರಿಸಿದರೂ ಮಗು ಅಲ್ಲಿ ಒಂಟಿಯಾಗುತ್ತದೆ. ಹುಡುಗಿಯರು ಆಗಲೇ ಬರುತ್ತಿರುವ ಕಡೆಗೆ ಹೋಗೋದೇ ವಾಸಿ.

ದುಡ್ಡು ಕಟ್ಟುವ ಮೊದಲು ಒಂದು ಸಂಜೆ ಸುಮ್ನೆ ಕೂತು ನೋಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

"ಸರ್, ಒಂದು ದಿನ ಕೂತು ನೋಡಬಹುದಾ?" ಅಂತ ಕೇಳಿ. ಒಳ್ಳೆಯ ಕೋಚ್ ಬೇಡ ಅನ್ನುವುದಿಲ್ಲ. "ಪೇರೆಂಟ್ಸ್ ಒಳಗೆ ಬರೋ ಹಾಗಿಲ್ಲ" ಅಂದರೆ ಯಾಕೆ ಅಂತ ಕೇಳಿ. ತರಬೇತಿ ನಡೆಯುವಾಗ ನಡುವೆ ಬಾಯಿ ಹಾಕಬೇಡಿ ಅನ್ನೋದು ನ್ಯಾಯ. ಕಣ್ಣಿಗೇ ಬೀಳಬಾರದು ಅನ್ನೋದು ನ್ಯಾಯವಲ್ಲ.

ನಮ್ಮ ಮಗಳು ಹೋದ ಕಡೆ ನಾನು ನೋಡಿದ್ದು ಹೀಗೆ. ಐವತ್ತು ದಾಟಿದ ಪೈಲ್ವಾನರು, ಎಲ್ಲರೂ ಉಸ್ತಾದರು ಅಂತಲೇ ಕರೆಯುತ್ತಿದ್ದರು. ಹೊಸ ಮಕ್ಕಳನ್ನು ಮ್ಯಾಟ್ ಮೇಲೆ ಕುಕ್ಕರಗಾಲಲ್ಲಿ ಕೂರಿಸಿದರು. "ಗದ್ದ ಎದೆಗೆ ಹಚ್ಚು ತಮ್ಮಾ. ಹ್ಞೂಂ, ಹಾಗೇ ಹಿಂದಕ್ಕೆ ಉರುಳು. ಕೈ ಊರಬೇಡ, ಕೈ ಊರಬೇಡ." ಕೂತಲ್ಲಿಂದ ಹಿಂದಕ್ಕೆ ಬೀಳೋದು, ಬೆನ್ನು ಬಿಲ್ಲಿನ ಹಾಗೆ ಬಾಗಿಸೋದು, ಎರಡೂ ಅಂಗೈ ಪಟ್ ಅಂತ ಮ್ಯಾಟಿಗೆ ಬಡಿಯೋದು. ಆಮೇಲೆ ಪಕ್ಕಕ್ಕೆ. ಆಮೇಲೆ ಮುಂದಕ್ಕೆ ಪಲ್ಟಿ. ಒಬ್ಬ ಹುಡುಗ ಪ್ರತಿ ಸಲ ಕೈ ಹಿಂದಕ್ಕೆ ಚಾಚುತ್ತಿದ್ದ. ಉಸ್ತಾದರು ಅವನ ಎರಡೂ ಕೈಗೆ ಒಂದು ಟವೆಲ್ ಕೊಟ್ಟು "ಇದನ್ನ ಎದೆ ಮುಂದೆ ಬಿಗಿಯಾಗಿ ಹಿಡ್ಕೊಂಡು ಬೀಳು" ಅಂದರು. ನಾಲ್ಕೈದು ಸಲ ಬಿದ್ದ ಮೇಲೆ ಅವನ ಮುಖದ ಹೆದರಿಕೆ ಹೋಯಿತು. ಕೈ ಚಾಚೋದೂ ನಿಂತಿತು.

ಇದಕ್ಕೆ ಯಾಕೆ ಇಷ್ಟು ಬೆಲೆ ಅಂದರೆ, ಬೀಳುವಾಗ ಕೈ ಊರಿದರೆ ಮೈಭಾರವೆಲ್ಲ ಮಣಿಕಟ್ಟು, ಮೊಣಕೈ, ಹೆಗಲ ಮೂಳೆ ಮೇಲೆ ಬರುತ್ತದೆ. ಮಕ್ಕಳ ಕೈ ಮುರಿಯೋದು ಹೆಚ್ಚಾಗಿ ಹೀಗೇ. ಗದ್ದ ಎದೆಗೆ ಹಚ್ಚದಿದ್ದರೆ ತಲೆ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಧೋಬಿ, ಕಲಾಜಂಗ್, ಢಾಕ್ ಅಂತ ಪಟ್ಟುಗಳು ಎಷ್ಟೋ ಇವೆ, ಆಮೇಲೆ ಕಲಿಯಬಹುದು. ಬೀಳೋಕೆ ಬಂದರೆ ಮಗು ಸೈಕಲ್ ಮೇಲಿಂದ ಬಿದ್ದಾಗಲೂ ಅದು ಕಾಯುತ್ತದೆ.

ಜೊತೆಗೆ ಈ ಕೆಲವನ್ನು ಗಮನಿಸಿ:

- ಮ್ಯಾಟ್ ತುಂಡುಗಳ ನಡುವೆ ಸಂದು ಇದೆಯಾ? ಮಕ್ಕಳ ಕಾಲ್ಬೆರಳು ಸಿಕ್ಕಿಕೊಳ್ಳೋದು ಅಲ್ಲೇ. ಸ್ಪರ್ಧೆಯ ಮ್ಯಾಟ್ 12 ಮೀಟರ್ ಉದ್ದ-ಅಗಲ ಇರುತ್ತದೆ. ಸಣ್ಣ ಕ್ಯಾಂಪಿನಲ್ಲಿ ಅಷ್ಟು ಇಲ್ಲದಿದ್ದರೂ ನಡೆಯುತ್ತದೆ. ಆದರೆ ಮ್ಯಾಟ್ ಮುಗಿದ ಕೂಡಲೇ ಕಂಬ, ಗೋಡೆ, ಕಬ್ಬಿಣದ ಬಾಗಿಲು ಇದ್ದರೆ ಅದಕ್ಕೆ ಹಾಸಿಗೆಯನ್ನೋ ಫೋಮನ್ನೋ ಕಟ್ಟಿರಬೇಕು.
- ಜೋಡಿ ಹೇಗೆ ಕಟ್ಟುತ್ತಾರೆ? 30 ಕೆಜಿ ಮಗುವಿನ ಎದುರು 45 ಕೆಜಿ ಹುಡುಗನನ್ನು ಬಿಟ್ಟರೆ ಅಲ್ಲಿಂದ ಎದ್ದು ಬನ್ನಿ.
- ಒಬ್ಬ ಕೋಚ್ ಎಷ್ಟು ಮಕ್ಕಳನ್ನು ನೋಡುತ್ತಾರೆ? ಜಾಸ್ತಿ ಮಕ್ಕಳಿದ್ದರೆ ಸಹಾಯಕ್ಕೆ ಹಿರಿಯ ಪೈಲ್ವಾನರು ಇರಬೇಕು.
- ಶೂ ಹಾಕಿಕೊಂಡೇ ಬಚ್ಚಲಿಗೆ ಹೋಗಿ ಅದೇ ಶೂನಲ್ಲಿ ಮ್ಯಾಟಿಗೆ ಬರುತ್ತಾರಾ? ಬರುತ್ತಿದ್ದರೆ ಚರ್ಮರೋಗ ಗ್ಯಾರಂಟಿ.
- ಫಸ್ಟ್ ಏಡ್ ಡಬ್ಬಿ ಎಲ್ಲಿದೆ? ತೆಗೆದು ತೋರಿಸಲು ಹೇಳಿ. ಐಸ್ ಎಲ್ಲಿಂದ ತರುತ್ತಾರೆ ಕೇಳಿ.

ಕೋಚ್‌ಗೆ ಪಟಿಯಾಲಾದ ಎನ್‌ಐಎಸ್ ತರಬೇತಿ ಆಗಿದೆಯಾ ಅಂತ ಸಂಕೋಚವಿಲ್ಲದೆ ಕೇಳಬಹುದು. ಕ್ರೀಡಾ ಕೋಚ್‌ಗಳಿಗೆ ಡಿಪ್ಲೊಮಾ ಕೊಡುವ ಸರ್ಕಾರಿ ಸಂಸ್ಥೆ ಅದು. ಆರು ವಾರದ ಸಣ್ಣ ಕೋರ್ಸೂ ಅಲ್ಲಿದೆ. ಸರ್ಟಿಫಿಕೇಟ್ ಇಲ್ಲದ ಹಳೇ ಉಸ್ತಾದರಲ್ಲೂ ಎಷ್ಟೋ ಜನ ಚೆನ್ನಾಗಿ ಕಲಿಸುತ್ತಾರೆ. ಅಂಥ ಕಡೆ ನಿಮ್ಮ ಕಣ್ಣೇ ಸರ್ಟಿಫಿಕೇಟ್. ಎರಡೂ ಕೈ ಕಂಕುಳಡಿ ಹಾಕಿ ಕುತ್ತಿಗೆ ಒತ್ತುವ ಡಬಲ್ ನೆಲ್ಸನ್ ಪಟ್ಟನ್ನು ಚಿಕ್ಕ ಮಕ್ಕಳ ಮೇಲೆ ಹಾಕಿಸುತ್ತಿದ್ದರೆ ಮಾತ್ರ ಯಾವ ಸರ್ಟಿಫಿಕೇಟ್ ಇದ್ದರೂ ಬೇಡ.

ಕಡಿಮೆ ಫೀಸು ಅಂದರೆ ಪೂರ್ತಿ ಎಷ್ಟು?

ಕುಸ್ತಿ ಬಡವರ ಮನೆ ಮಕ್ಕಳು ಬೆಳೆಸಿದ ಆಟ. ಅದಕ್ಕೇ ಗರಡಿಗಳಲ್ಲಿ ಫೀಸು ಅನ್ನೋದು ತೀರಾ ಕಡಿಮೆ. ಕೆಲವು ಕಡೆ ತೆಂಗಿನಕಾಯಿ, ಊದುಬತ್ತಿ ತಂದು ಆಂಜನೇಯನಿಗೆ ಪೂಜೆ ಮಾಡಿಸಿದರೆ ಸೇರಿಸಿಕೊಳ್ಳುತ್ತಾರೆ. ನಾವು ಇಡೀ ಬೇಸಿಗೆಗೆ ಕಟ್ಟಿದ್ದು ಸಾವಿರ ರೂಪಾಯಿಯ ಒಳಗೆ. ಪಕ್ಕದ ಬೀದಿಯ ಈಜು ಶಿಬಿರಕ್ಕೆ ಅದರ ಮೂರು ಪಟ್ಟು ಇತ್ತು.

ಆದರೆ ಫೀಸಿನ ಆಚೆಯ ಖರ್ಚು ಮೊದಲೇ ಕೇಳಿಟ್ಟುಕೊಳ್ಳಿ. ಕಾಸ್ಟ್ಯೂಮ್ ಕಡ್ಡಾಯವಾ? ಕೊನೆಗೆ ಪಂದ್ಯಾವಳಿ ಇದ್ದರೆ ಎಂಟ್ರಿ ಫೀಸು, ಬಸ್ ಖರ್ಚು ಯಾರದು? ಕ್ಯಾಂಪಿನ ಟೀ ಶರ್ಟ್, ಸರ್ಟಿಫಿಕೇಟ್ ಅಂತ ಆಮೇಲೆ ಕೇಳುತ್ತಾರಾ? ಬಹಳ ಸಲ ದೊಡ್ಡ ಖರ್ಚು ಹೋಗಿ ಬರುವ ಆಟೋದ್ದು. ದಿನಕ್ಕೆ ಎರಡು ಹೊತ್ತು ಅಂದರೆ ನಾಲ್ಕು ಸಲ ಓಡಾಟ. ನಾವು ಬೀದಿಯ ಮೂರು ಮನೆಯವರು ಸೇರಿ ಒಬ್ಬೊಬ್ಬರು ಒಂದೊಂದು ಹೊತ್ತು ಅಂತ ಹಂಚಿಕೊಂಡೆವು. ಮನೆಗೆ ಹತ್ತಿರದ ಸಾಧಾರಣ ಕ್ಯಾಂಪು, ಊರಾಚೆಯ ದೊಡ್ಡ ಕ್ಯಾಂಪು ಎರಡರಲ್ಲಿ ಒಂದು ಅಂದರೆ, ಬೀಳೋದು ಸರಿಯಾಗಿ ಕಲಿಸುತ್ತಾರೆ ಅನ್ನೋದಾದರೆ ನಾನು ಹತ್ತಿರದ್ದನ್ನೇ ಆರಿಸುತ್ತೇನೆ. ಸುಸ್ತಾದ ಮಗು ಬೇಗ ಮನೆ ಸೇರಬೇಕು.

ಸೇರಿಸುವ ಮೊದಲು ಡಾಕ್ಟರ್ ಹತ್ತಿರ

ಒಂದು ಸಲ ತೋರಿಸಿ. ಉಬ್ಬಸ, ಫಿಟ್ಸ್, ಹೃದಯದ ತೊಂದರೆ, ಹಳೇ ಮೂಳೆ ಮುರಿತ ಏನಿದ್ದರೂ ಮುಚ್ಚಿಡಬೇಡಿ. ಡಾಕ್ಟರಿಗೂ ಹೇಳಿ, ಕೋಚ್‌ಗೂ ಹೇಳಿ. ಉಬ್ಬಸ ಇರುವ ಮಗುವಿನ ಇನ್ಹೇಲರ್ ಬ್ಯಾಗಿನಲ್ಲೇ ಇರಲಿ. ಧನುರ್ವಾಯು ತಡೆಯುವ ಟಿಡಿ ಲಸಿಕೆ 10ನೇ ವರ್ಷಕ್ಕೆ ಮತ್ತು 16ನೇ ವರ್ಷಕ್ಕೆ ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಣ್ಣಿನ ಅಖಾಡಕ್ಕೆ ಕಳುಹಿಸುವವರು ಇದನ್ನು ತಪ್ಪದೆ ಹಾಕಿಸಿ.

ಬ್ಯಾಗಿನಲ್ಲಿ ಏನಿರಬೇಕು

ಮೊದಲ ತಿಂಗಳಿಗೆ ದುಬಾರಿ ಸಾಮಾನು ಯಾವುದೂ ಬೇಡ. ಮೈಗಂಟುವ ಟೀ ಶರ್ಟ್, ಜೇಬು-ಜಿಪ್ಪು ಇಲ್ಲದ ಚಡ್ಡಿ. ಹುಡುಗಿಯರಿಗೆ ಸೈಕ್ಲಿಂಗ್ ಶಾರ್ಟ್ಸ್, ಬೇಕಾದ ವಯಸ್ಸಿಗೆ ಸ್ಪೋರ್ಟ್ಸ್ ಬ್ರಾ. ಎರಡು ಟವೆಲ್, ಒಂದು ಸೋಪು, ಬದಲಾಯಿಸೋಕೆ ಬಟ್ಟೆ, ಒದ್ದೆ ಬಟ್ಟೆಗೆ ಬೇರೆ ಕವರ್, ನೀರಿನ ಬಾಟಲಿ. ಕಿವಿಯೋಲೆ, ಬಳೆ, ಸರ, ಉಡಿದಾರದ ಬೆಳ್ಳಿ ಮಣಿ ಎಲ್ಲ ಮನೆಯಲ್ಲೇ ಬಿಡಿ. ಕೂದಲಿಗೆ ಬಟ್ಟೆಯ ರಬ್ಬರ್ ಬ್ಯಾಂಡ್ ಸಾಕು. ಪಿನ್ನು, ಕ್ಲಿಪ್ಪು ಬೇಡವೇ ಬೇಡ.

ಕುಸ್ತಿ ಶೂ ಆಮೇಲೆ ತೆಗೆದುಕೊಂಡರಾಯಿತು. ಮಗು ಎರಡು ವಾರ ಹೋಗಿ ಇನ್ನೂ ಆಸೆಯಿಂದ ಎದ್ದು ಹೊರಡುತ್ತಿದ್ದರೆ ಕೊಡಿಸಿ. ಮಕ್ಕಳ ಕಾಲು ಬೇಗ ಬೆಳೆಯುತ್ತದೆ, ಹಾಗಾಗಿ ದೊಡ್ಡ ಹುಡುಗರಿಗೆ ಚಿಕ್ಕದಾದ ಶೂ ಕ್ಯಾಂಪಿನಲ್ಲೇ ಸಿಗುತ್ತದೆ. ಒಳಗೆ ಒಂದೆರಡು ದಿನ ಬಿಸಿಲು ತೋರಿಸಿ ಬಳಸಬಹುದು.

ಉಗುರು! ವಾರಕ್ಕೆ ಎರಡು ಸಲ ಕತ್ತರಿಸಿ. ಕೈದೂ, ಕಾಲಿನದೂ. ಇನ್ನೊಬ್ಬರ ಮಗುವಿನ ಮುಖ ಪರಚದಿರಲಿ ಅಂತ ಇದು.

ಬಿಸಿಲು, ನೀರು, ಊಟ

ಏಪ್ರಿಲ್-ಮೇ ತಿಂಗಳ ಬಯಲುಸೀಮೆ ಬಿಸಿಲು ಹೇಗಿರುತ್ತದೆ ಗೊತ್ತಲ್ಲ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರ ಮೇಲೆ ತರಬೇತಿ ಇದ್ದರೆ ಸರಿ. ಶೀಟಿನ ಛಾವಣಿ ಕೆಳಗೆ ಮಧ್ಯಾಹ್ನ ಮೂರಕ್ಕೆ ಶುರು ಮಾಡುವ ಕ್ಯಾಂಪು ಬೇಡ. "ನೀರು ಕುಡಿದರೆ ದಮ್ಮು ಬರಲ್ಲ" ಅಂತ ನಡುವೆ ನೀರು ಕುಡಿಯೋಕೆ ಬಿಡದ ಹಳೇ ಪದ್ಧತಿ ಕೆಲವು ಕಡೆ ಇದೆ. ಅದು ತಪ್ಪು, ಅಪಾಯ ಕೂಡ. ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಲೇಬೇಕು. ಮಗುವಿಗೆ ಒಂದು ಗುರುತು ಹೇಳಿಕೊಡಿ: ಮೂತ್ರ ಗಾಢ ಹಳದಿ ಬಂದರೆ ನೀರು ಸಾಲದು.

ಜಾಸ್ತಿ ಬೆವರಿದ ದಿನ ಮಜ್ಜಿಗೆಗೆ ಉಪ್ಪು, ನಿಂಬೆ ಪಾನಕ, ಎಳನೀರು ಯಾವುದಾದರೂ ಸರಿ. ಓಆರ್‌ಎಸ್ ಕೊಡುವುದಾದರೆ ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಅಂತ ಬರೆದಿದೆಯಾ ನೋಡಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಬಣ್ಣಬಣ್ಣದ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ.

ತಲೆಸುತ್ತು, ವಾಂತಿ, ಮಾತು ತೊದಲೋದು, ಮೈ ಕೆಂಡದ ಹಾಗೆ ಸುಡೋದು ಕಂಡರೆ ಕೂಡಲೇ ನೆರಳಿಗೆ ತಂದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಹೊರಡಬೇಕು. ಕ್ಯಾಂಪಿನಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕು.

ಊಟದ ವಿಷಯಕ್ಕೆ ಬಂದರೆ, "ಪೈಲ್ವಾನ್ ಆಗ್ಬೇಕಂದ್ರೆ ದಿನಾ ಬಾದಾಮಿ ಹಾಲು, ಮಟನ್" ಅನ್ನುವವರು ಸಿಕ್ಕೇ ಸಿಗುತ್ತಾರೆ. ದಿನಕ್ಕೆ ಎರಡು ಹೊತ್ತು ಆಡುವ ಹನ್ನೆರಡು ವರ್ಷದ ಮಗುವಿಗೆ ಮನೆ ಊಟವೇ ಸಾಕು, ಪ್ರಮಾಣ ಸ್ವಲ್ಪ ಹೆಚ್ಚಿರಲಿ. ನಾವು ಮಾಡಿದ್ದು ಇಷ್ಟೇ: ಬೆಳಿಗ್ಗೆ ಹೊರಡುವ ಮೊದಲು ಒಂದು ಬಾಳೆಹಣ್ಣು, ರಾತ್ರಿ ನೆನೆಸಿದ ಒಂದು ಹಿಡಿ ಶೇಂಗಾ. ಬಂದ ಮೇಲೆ ಸ್ನಾನ, ಹಾಲು, ಮೊಟ್ಟೆ, ಮೊಳಕೆ ಹೆಸರುಕಾಳಿನ ಉಸುಳಿ, ಜೊತೆಗೆ ರೊಟ್ಟಿಯೋ ಇಡ್ಲಿಯೋ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಮೊಸರು, ಆಮೇಲೆ ಗಡದ್ದಾಗಿ ಒಂದು ನಿದ್ದೆ. ಸಂಜೆ ತರಬೇತಿಗೆ ಮುಂಚೆ ಮಂಡಕ್ಕಿ-ಮೆಣಸಿನಕಾಯಿ ಬೇಡ. ಅದು ಭಾನುವಾರಕ್ಕೆ, ಬೆಣ್ಣೆ ದೋಸೆ ಜೊತೆ. ಪ್ರೋಟೀನ್ ಪೌಡರ್ ಡಬ್ಬಿ ಯಾರಾದರೂ ಮಾರೋಕೆ ಬಂದರೆ, ಅವರು ಕೋಚ್ ಆದರೂ ಸರಿ, ಬೇಡ ಅನ್ನಿ.

ತೂಕದ ಮಾತು ಹುಷಾರಾಗಿ ಆಡಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ವಿಭಾಗದ ಫೈನಲ್ ತಲುಪಿ, ಪಂದ್ಯದ ಬೆಳಿಗ್ಗೆ 100 ಗ್ರಾಂ ಜಾಸ್ತಿ ಇದ್ದರು ಅಂತ ಅನರ್ಹರಾದರು. ಇದು ಮಕ್ಕಳಿಗೂ ಗೊತ್ತು. ಅದನ್ನೇ ತಲೆಯಲ್ಲಿಟ್ಟುಕೊಂಡು ರಾತ್ರಿ ಊಟ ಬಿಡುವ, ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಓಡುವ ಮಕ್ಕಳಿದ್ದಾರೆ. ಬೆಳೆಯುವ ಮಗುವಿನ ತೂಕ ಇಳಿಸಿ ಚಿಕ್ಕ ವಿಭಾಗದಲ್ಲಿ ಆಡಿಸೋಣ ಅಂತ ಯಾರು ಹೇಳಿದರೂ ಒಪ್ಪಬೇಡಿ. ಕ್ಯಾಂಪಿನಲ್ಲಿ ತೂಕ ನೋಡೋದು ಸರಿಯಾದ ಜೋಡಿ ಕಟ್ಟೋಕೆ, ಅಷ್ಟಕ್ಕೇ. ಮನೆಯಲ್ಲೂ "ದಪ್ಪ ಆದೆ, ಸಣ್ಣ ಆದೆ" ಅನ್ನುವ ಮಾತು ನಿಲ್ಲಿಸಿ. ಹುಡುಗಿಯರ ವಿಷಯದಲ್ಲಂತೂ ಇದು ಬಹಳ ಮುಖ್ಯ. ಊಟ ಬಿಟ್ಟು ಆಡಿದರೆ ಮುಟ್ಟು ಏರುಪೇರಾಗಬಹುದು, ರಕ್ತ ಕಡಿಮೆಯಾಗಬಹುದು, ಮೂಳೆ ಬಲಿಯುವ ವಯಸ್ಸಿನಲ್ಲಿ ಮೂಳೆಗೇ ಪೆಟ್ಟು.

ಚರ್ಮ ನೋಡಿಕೊಳ್ಳೋದು ದಿನದ ಕೆಲಸ

ಕುಸ್ತಿಯಲ್ಲಿ ಮೈಗೆ ಮೈ ತಾಗುತ್ತದೆ. ಬೇಸಿಗೆ ಬೆವರು ಬೇರೆ. ಹುಳುಕಡ್ಡಿ ಒಬ್ಬರಿಗೆ ಬಂದರೆ ವಾರದಲ್ಲಿ ನಾಲ್ಕು ಜನಕ್ಕೆ ಹಬ್ಬಬಹುದು. ನನ್ನ ಮಗಳ ತೋಳಿನ ಮೇಲೆ ಒಂದು ದಿನ ಎಂಟಾಣೆ ಅಗಲದ ಕೆಂಪು ಉಂಗುರ ಕಂಡಿತು. ಅಂಚು ಉಬ್ಬಿ, ನಡುವೆ ಬೆಳ್ಳಗೆ, ಸಣ್ಣಗೆ ಪುಡಿ ಉದುರುತ್ತಿತ್ತು. ಬೆವರುಸಾಲೆ ಅಂದುಕೊಂಡು ಬಿಡುವಂಥದ್ದೇ. ಅದೇ ಸಂಜೆ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಹೇಳಿದ್ದನ್ನು ಎಲ್ಲ ಪೋಷಕರಿಗೂ ದಾಟಿಸುತ್ತಿದ್ದೇನೆ.

ಮೆಡಿಕಲ್ ಶಾಪಿನಲ್ಲಿ "ಹುಳುಕಡ್ಡಿಗೆ ಕ್ರೀಮ್ ಕೊಡಿ" ಅಂತ ಕೇಳಿ ತರಬೇಡಿ. ಹಾಗೆ ಸಿಗುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತ ಹೆಸರು ಇದ್ದರೆ ಅದೇ. ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಆದರೆ ಹುಳುಕಡ್ಡಿ ಒಳಗೊಳಗೇ ಹಬ್ಬಿ ವಾಸಿಯಾಗದ ಹಾಗೆ ಆಗುತ್ತದೆ. ಡಾಕ್ಟರ್ ಕೊಟ್ಟ ಮುಲಾಮನ್ನು ಗುರುತು ಮಾಯವಾದ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಬೇಕು. ಅವರು ಸರಿ ಅನ್ನುವವರೆಗೆ ಮಗು ಮ್ಯಾಟಿನ ಹೊರಗೆ ಓಡಲಿ, ಬಸ್ಕಿ ಹೊಡೆಯಲಿ, ಜೋಡಿ ಕಟ್ಟೋದು ಬೇಡ. ಕೋಚ್‌ಗೆ ಮುಚ್ಚಿಡದೆ ಹೇಳಿ. ಹೇಳಿದ್ದಕ್ಕೆ ಬೈಯುವ ಕೋಚ್ ಇದ್ದರೆ ಉಳಿದ ಪೋಷಕರೂ ಮುಚ್ಚಿಡುತ್ತಾರೆ, ಆಗ ಇಡೀ ಕ್ಯಾಂಪಿಗೇ ಹಬ್ಬುತ್ತದೆ.

ತಡೆಯೋಕೆ ದಾರಿ ಸುಲಭ. ತರಬೇತಿ ಮುಗಿದ ಕೂಡಲೇ ಸೋಪು ಹಾಕಿ ಸ್ನಾನ. ಬಟ್ಟೆ ದಿನಾ ಒಗೆದು ಬಿಸಿಲಲ್ಲಿ ಒಣಗಿಸೋದು, ನಿನ್ನೆಯದನ್ನು ಇಂದು ಹಾಕದಿರೋದು. ಟವೆಲ್ ಯಾರ ಜೊತೆಗೂ ಹಂಚಿಕೊಳ್ಳದಿರೋದು. ಮ್ಯಾಟನ್ನು ದಿನಕ್ಕೊಮ್ಮೆ ಕ್ರಿಮಿನಾಶಕ ಹಾಕಿ ಒರೆಸಬೇಕು. ನಮ್ಮ ಕಡೆ ಪೋಷಕರು ಸೇರಿ ಒಂದು ಕ್ಯಾನ್ ಫಿನಾಯಿಲ್, ಎರಡು ಮಾಪು ತಂದುಕೊಟ್ಟೆವು. ಉಸ್ತಾದರು ದೊಡ್ಡ ಹುಡುಗರಿಗೆ ಪಾಳಿ ಹಾಕಿದರು. ಕೀವು ತುಂಬಿದ ಗುಳ್ಳೆ, ತುಟಿ-ಕೆನ್ನೆ ಮೇಲೆ ನೀರುಗುಳ್ಳೆ ಕಂಡರೂ ಹೀಗೇ: ಮೊದಲು ಡಾಕ್ಟರ್, ಆಮೇಲೆ ಮ್ಯಾಟ್.

ಪೆಟ್ಟಾದರೆ

ಸಣ್ಣಪುಟ್ಟ ಉಳುಕು, ತರಚು ಇದ್ದದ್ದೇ. ಐಸ್ ಇಡಿ, ವಿಶ್ರಾಂತಿ ಕೊಡಿ. ಊತ ಇದ್ದಾಗ ಜೋರಾಗಿ ತಿಕ್ಕಿಸಬೇಡಿ. ಕೈಕಾಲು ಸೊಟ್ಟ ಕಂಡರೆ, ಮುಟ್ಟೋಕೂ ಬಿಡದಷ್ಟು ನೋವಿದ್ದರೆ ಎಕ್ಸ್‌ರೇ ತೆಗೆಸಿದ ಮೇಲೆಯೇ ಮುಂದಿನ ಮಾತು. ಎಳೆದು ಕೂರಿಸುವವರ ಹತ್ತಿರ ಹೋಗಬೇಡಿ.

ತಲೆಗೆ ಪೆಟ್ಟು ಬಿದ್ದು ಮಂಕಾದರೆ, ವಾಂತಿ ಬಂದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಆ ದಿನ ಆಟ ಮುಗಿಯಿತು, ನೇರ ಆಸ್ಪತ್ರೆ. ಮತ್ತೆ ಯಾವಾಗ ಆಡಬೇಕು ಅನ್ನೋದು ಡಾಕ್ಟರ್ ಹೇಳಲಿ. ಕುತ್ತಿಗೆ ನೋವು ಅಂದರೆ ಎತ್ತಿ ಕೂರಿಸಬೇಡಿ. ಮಲಗಿದ ಹಾಗೇ ಅಲುಗಾಡದಂತೆ ಹಿಡಿದು 108ಕ್ಕೆ ಫೋನ್ ಮಾಡಿ.

ಕಿವಿ ಊದಿಕೊಂಡು ಮೆತ್ತಗಾದರೆ ಒಳಗೆ ರಕ್ತ ನಿಂತಿದೆ ಅಂತ. ಹಳೇ ಪೈಲ್ವಾನರ ಮುದ್ದೆಗಟ್ಟಿದ ಕಿವಿ ಆಗೋದು ಹೀಗೆ. ಅವರಿಗೆ ಅದು ಹೆಮ್ಮೆಯ ಗುರುತು, ಗೌರವಿಸೋಣ. ಮಕ್ಕಳಿಗೆ ಬೇಡ ಅನ್ನಿಸಿದರೆ ಒಂದೆರಡು ದಿನದೊಳಗೆ ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು. ತಡವಾದರೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಸೂಜಿ ಚುಚ್ಚೋದು ಯಾವತ್ತೂ ಬೇಡ.

ಸುರಕ್ಷತೆ: ಇದನ್ನು ಕೇಳೋಕೆ ನಾಚಿಕೆ ಬೇಡ

2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ದೂರು ಹೇಳಿಕೊಂಡು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಅದನ್ನು ನೋಡಿ ಮಗಳನ್ನು ಕುಸ್ತಿಗೆ ಕಳುಹಿಸೋದೇ ಬೇಡ ಅಂದವರು ನಮ್ಮ ಬಳಗದಲ್ಲೂ ಇದ್ದರು. ನನ್ನ ಮಾತು ಬೇರೆ. ಮಕ್ಕಳನ್ನು ಮನೆಯಲ್ಲಿ ಕೂರಿಸುವ ಬದಲು ದೊಡ್ಡವರಿಗೆ ಕಟ್ಟುನಿಟ್ಟು ಹಾಕಬೇಕು. ಮಹಿಳಾ ಕುಸ್ತಿ 2004ರಿಂದ ಒಲಿಂಪಿಕ್ಸ್‌ನಲ್ಲಿದೆ, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ನಮ್ಮ ಹುಡುಗಿಯರಿಗೂ ಆ ದಾರಿ ತೆರೆದಿರಬೇಕು.

ಕೇಳಬೇಕಾದ್ದು ಇವು. ತರಬೇತಿ ಹೊತ್ತಿನಲ್ಲಿ ಕನಿಷ್ಠ ಇಬ್ಬರು ದೊಡ್ಡವರು ಇರುತ್ತಾರಾ, ಅದರಲ್ಲಿ ಒಬ್ಬರು ಹೆಂಗಸಾ? ಬಟ್ಟೆ ಬದಲಿಸೋಕೆ ಚಿಲಕ ಇರುವ ಬೇರೆ ಕೋಣೆ ಇದೆಯಾ? ಅಲ್ಲಿ ಫೋನ್ ನಿಷೇಧವಾ? ಮಸಾಜ್ ನೆಪದಲ್ಲಿ ಯಾರೂ ಮಗುವನ್ನು ಒಳಗೆ ಕರೆಯುವ ಹಾಗಿಲ್ಲ. ಕೋಚ್ ಮಗುವಿಗೆ ಒಂಟಿಯಾಗಿ ಮೆಸೇಜ್ ಮಾಡುವ ಹಾಗಿಲ್ಲ, ಏನಿದ್ದರೂ ಪೋಷಕರ ಗುಂಪಿಗೆ ಹಾಕಲಿ. ಹೊರ ಊರಿನ ಪಂದ್ಯಕ್ಕೆ ಹೋದರೆ ಪೋಷಕರಲ್ಲಿ ಒಬ್ಬರು ಜೊತೆಗಿರಲಿ. ಇದು ಗಂಡುಮಕ್ಕಳಿಗೂ ಅಷ್ಟೇ ಅನ್ವಯ. ಪೋಕ್ಸೊ ಕಾಯ್ದೆ ಗಂಡು-ಹೆಣ್ಣು ಅಂತ ಭೇದ ಮಾಡುವುದಿಲ್ಲ.

ಪಟ್ಟು ಹೇಳಿಕೊಡುವಾಗ ಮೈ ಮುಟ್ಟಲೇಬೇಕಾಗುತ್ತದೆ. ಹಾಗಾಗಿ ಮಗುವಿಗೆ ವ್ಯತ್ಯಾಸ ಬಿಡಿಸಿ ಹೇಳಿ: ಎಲ್ಲರೆದುರು, ಹೀಗೆ ಹಿಡಿಯುತ್ತೇನೆ ಅಂತ ಹೇಳಿ ತೋರಿಸೋದು ಪಾಠ. ಮರೆಯಲ್ಲಿ ಮುಟ್ಟೋದು, ಯಾರಿಗೂ ಹೇಳಬೇಡ ಅನ್ನೋದು ಪಾಠವಲ್ಲ. ಅಂಥದ್ದೇನಾದರೂ ಆದರೆ ನಮಗೆ ಹೇಳು, ನಿನ್ನ ಮೇಲೆ ಕೋಪ ಮಾಡಿಕೊಳ್ಳಲ್ಲ ಅಂತ ಮೊದಲೇ ಮಾತು ಕೊಡಿ. ಮಕ್ಕಳ ಸಹಾಯವಾಣಿ 1098 ಅನ್ನೋದು ಅವರಿಗೆ ಬಾಯಿಪಾಠ ಇರಲಿ.

ಕ್ಯಾಂಪ್ ನಡೆಯುವಾಗ ನಿಮ್ಮ ಕೆಲಸ

ಮೊದಲ ವಾರ ಮೈಕೈ ನೋವು, "ನಾಳೆ ಹೋಗಲ್ಲ" ಅನ್ನೋದು ಸಹಜ. ಒಂದು ದಿನ ರಜೆ ಕೊಡಿ, ಬಿಡಿಸಬೇಡಿ. ಎರಡನೇ ವಾರವೂ ಅಳುತ್ತಾ ಹೋಗುತ್ತಿದ್ದರೆ ಕಾರಣ ಬೇರೆ ಇದೆ, ಕೂತು ಕೇಳಿ. ಮ್ಯಾಟಿನ ಪಕ್ಕ ನಿಂತು "ಹಿಡಿ, ಎತ್ತು, ಬಿಡಬೇಡ" ಅಂತ ಕೂಗಬೇಡಿ. ಕೋಚ್ ಮಾತೂ ಕೇಳಿಸದೆ ಮಗು ಗಲಿಬಿಲಿಯಾಗುತ್ತದೆ. ಮನೆಗೆ ಬಂದ ಮೇಲೆ "ಗೆದ್ದೆಯಾ?" ಅಂತ ಕೇಳುವ ಬದಲು "ಇವತ್ತು ಏನು ಕಲಿತೆ, ತೋರಿಸು" ಅನ್ನಿ. ಹಾಸಿಗೆ ಹಾಸಿ ತೋರಿಸುತ್ತಾರೆ. ಅವರ ಅಪ್ಪನನ್ನೇ ಕೆಡವಿ ತೋರಿಸುತ್ತಾರೆ!

ಒಂದು ತಿಂಗಳಿಗೆ ಏನು ಬರುತ್ತದೆ ಅಂದರೆ, ಸರಿಯಾದ ನಿಲುವು, ಬೀಳೋದು, ಉರುಳೋದು, ಎರಡು-ಮೂರು ಪಟ್ಟು, ಎದುರಾಳಿ ಕಾಲಿಗೆ ಬಂದಾಗ ಹಿಂದೆ ಸರಿದು ತಪ್ಪಿಸಿಕೊಳ್ಳೋದು. ಜೊತೆಗೆ ಆಟಕ್ಕೆ ಮುಂಚೆ ಕೈ ಕುಲುಕೋದು, ಸೋತ ಮೇಲೂ ಕೈ ಕುಲುಕೋದು. ಸಾವಿರ ರೂಪಾಯಿಯ ಒಳಗೆ ಇಷ್ಟು ಸಿಕ್ಕಿದರೆ ಬಹಳ ಆಯಿತು.

ಜೂನ್ ಬಂದ ಮೇಲೆ

ಮಗುವಿಗೆ ಆಸೆ ಉಳಿದಿದ್ದರೆ ವಾರಕ್ಕೆ ಮೂರು ಸಂಜೆ ಮುಂದುವರಿಸಿ. ಶಾಲೆ ಶುರುವಾದ ಕೂಡಲೇ ಪಿಟಿ ಮೇಷ್ಟ್ರಿಗೆ ಕುಸ್ತಿ ಕಲಿತಿದ್ದಾಳೆ ಅಂತ ಹೇಳಿ ಹೆಸರು ಬರೆಸಿ. ಶಾಲಾ ಕ್ರೀಡೆಗಳಲ್ಲಿ 14, 17, 19 ವರ್ಷದೊಳಗಿನವರು ಅಂತ ವಿಭಾಗಗಳಿವೆ. ಇನ್ನೂ ಗಟ್ಟಿ ಮನಸ್ಸಿದ್ದರೆ ಕ್ರೀಡಾ ಇಲಾಖೆಯ ವಸತಿ ಶಾಲೆ, ಹಾಸ್ಟೆಲ್‌ಗಳ ಆಯ್ಕೆ ಪರೀಕ್ಷೆ ಇದೆ. ಸಾಮಾನ್ಯವಾಗಿ 5ನೇ ಮತ್ತು 8ನೇ ತರಗತಿಗೆ ಸೇರುವ ಮಕ್ಕಳಿಗೆ ಅವಕಾಶ. ಆಯ್ಕೆಯಾದರೆ ಊಟ, ವಸತಿ, ತರಬೇತಿ ಎಲ್ಲ ಸರ್ಕಾರದ್ದೇ. ತಾಲ್ಲೂಕು ಕ್ರೀಡಾಧಿಕಾರಿ ಕಚೇರಿಯಲ್ಲಿ ದಿನಾಂಕ ತಿಳಿಯುತ್ತದೆ.

ಇದಕ್ಕೆಲ್ಲ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ಬಹಳ ಮನೆಗಳಲ್ಲಿ ಇರುವುದಿಲ್ಲ. ಬೇಸಿಗೆ ರಜೆಯಲ್ಲೇ ತೆಗೆದು ನೋಡಿ. ತಿದ್ದುಪಡಿ ಬೇಕಿದ್ದರೆ ಈಗಲೇ ಅರ್ಜಿ ಕೊಡಿ, ಪಂದ್ಯದ ಹಿಂದಿನ ವಾರ ಓಡಾಡಿದರೆ ಕೆಲಸ ಆಗುವುದಿಲ್ಲ.